ಇಂಗ್ಲಿಷ್ ಇಮೇಲ್‌ನಲ್ಲಿ ಕಾಮಾ ಎಲ್ಲಿ ಬೇಕು, ಎಲ್ಲಿ ಬೇಡ

ಕೆಲಸದ ಅರ್ಜಿ, ಆಫೀಸಿನ ಇಮೇಲ್ ಬರೆಯುವವರು ದಯವಿಟ್ಟು ಗಮನಿಸಿ. ನಮ್ಮವರ ಇಂಗ್ಲಿಷಿನಲ್ಲಿ ಪದೇಪದೇ ಕಾಣುವ ತಪ್ಪೆಂದರೆ ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಅಂಟಿಸುವುದು: ‘ಐ ಹ್ಯಾವ್ ಸೆಂಟ್ ದ ಫೈಲ್, ಪ್ಲೀಸ್ ಚೆಕ್ ಇಟ್.’ ಕನ್ನಡದಲ್ಲಿ ‘ಫೈಲ್ ಕಳಿಸಿದ್ದೇನೆ, ನೋಡಿ’ ಅಂದರೆ ನಡೆಯುತ್ತದೆ. ಅದೇ ರೂಢಿ ಇಂಗ್ಲಿಷಿಗೂ ಬರುತ್ತದೆ. ಕಾಮಾದ ಎರಡೂ ಕಡೆಯ ಭಾಗಗಳನ್ನು ಬೇರೆಬೇರೆ ಓದಿ. ಎರಡೂ ಸ್ವತಂತ್ರವಾಗಿ ನಿಂತರೆ ಫುಲ್‌ಸ್ಟಾಪ್ ಇಡಿ, ಇಲ್ಲವೇ ಕಾಮಾ ಉಳಿಸಿಕೊಂಡು ‘ಆ್ಯಂಡ್’, ‘ಬಟ್’, ‘ಸೋ’ ಸೇರಿಸಿ. ‘ಹೌಎವರ್’ಗೆ ಈ ಶಕ್ತಿಯಿಲ್ಲ. ಅದರ ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್, ಮುಂದೆ ಕಾಮಾ.

‘ಉಸಿರು ನಿಲ್ಲಿಸುವ ಕಡೆಯೆಲ್ಲ ಕಾಮಾ’ ಅನ್ನುವ ಪಾಠವನ್ನು ನಂಬಬೇಡಿ. ‘ದ ಸರ್ಟಿಫಿಕೇಟ್ ಯೂ ಆಸ್ಕ್ಡ್ ಫಾರ್ ಈಸ್ ಅಟ್ಯಾಚ್ಡ್’ ಎಂಬಲ್ಲಿ ‘ಈಸ್’ ಹಿಂದೆ ಕಾಮಾ ಬಾರದು. ಕರ್ತೃಪದ ಎಷ್ಟೇ ಉದ್ದವಿರಲಿ, ಅದನ್ನು ಕ್ರಿಯಾಪದದಿಂದ ಒಂಟಿ ಕಾಮಾ ಬೇರ್ಪಡಿಸಬಾರದು. ‘ಹೀ ಸೆಡ್ ದಟ್’ನಲ್ಲೂ ‘ದಟ್’ ಹಿಂದೆ ಬೇಡ. ‘ಇಫ್’ ಭಾಗ ಮೊದಲು ಬಂದರೆ ಅದರ ಕೊನೆಗೆ ಕಾಮಾ, ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ.

‘ಹೂ’ (who) ಬಂದಾಗಲಂತೂ ಕಾಮಾದಿಂದ ಅರ್ಥವೇ ಬದಲಾಗಬಹುದು, ಎಚ್ಚರ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು, ಈಸ್ ಎ ಟೀಚರ್’ ಅಂದರೆ ಇರುವುದು ಒಬ್ಬನೇ ಸಹೋದರ. ಎರಡೂ ಕಾಮಾ ತೆಗೆದರೆ, ಹಲವು ಸಹೋದರರಲ್ಲಿ ಮೈಸೂರಿನವನು ಎಂದಾಗುತ್ತದೆ.