ಬಡಾವಣೆ ಎಷ್ಟು ಸೇಫ್? ತಿಳಿದುಕೊಳ್ಳುವುದು ಹೀಗೆ

ಮನೆ ಬದಲಿಸಲು ಹೊರಟವರು ಕೇಳುವ ಪ್ರಶ್ನೆ ಒಂದೇ: 'ಏರಿಯಾ ಸೇಫಾ?' ಸಿಗುವ ಉತ್ತರವೂ ಹೌದು ಅಥವಾ ಇಲ್ಲ ಅಷ್ಟೇ. ಎರಡರಿಂದಲೂ ಪ್ರಯೋಜನ ಕಡಿಮೆ. ಬೆಳಗ್ಗೆ ಬೀಗ ಹಾಕಿ ಕೆಲಸಕ್ಕೆ ಹೋಗುವ ದಂಪತಿಗೆ ಬೇಕಿರುವುದು ಮನೆಗಳ್ಳತನದ ಲೆಕ್ಕ. ರಾತ್ರಿ ಪಾಳಿ ಮುಗಿಸಿ ಒಬ್ಬರೇ ನಡೆದು ಬರುವವರಿಗೆ ಬೇಕಿರುವುದು ಬಸ್ ನಿಲ್ದಾಣದಿಂದ ಮನೆವರೆಗಿನ ದಾರಿಯ ವಿಷಯ. ಹಾಗಾಗಿ ಮೊದಲು ನಿಮ್ಮ ಆತಂಕ ಯಾವುದರ ಬಗ್ಗೆ ಎಂದು ಬರೆದಿಟ್ಟುಕೊಳ್ಳಿ. ಮನೆಗಳ್ಳತನ, ವಾಹನ ಕಳವು, ಸುಲಿಗೆ, ಹೊಡೆದಾಟ, ಕಿರುಕುಳ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಎಲ್ಲವನ್ನೂ ಒಂದೇ ಸಂಖ್ಯೆಗೆ ಸೇರಿಸಿದರೆ ಸೈಕಲ್ ಕಳವಿಗೂ ಕೊಲೆಗೂ ಒಂದೇ ತೂಕ ಬಂದುಬಿಡುತ್ತದೆ.

ದರ ಲೆಕ್ಕ ಹಾಕಿ, ಆದರೆ ಅವಸರ ಬೇಡ

ಅಪರಾಧ ದರ ಅಂದರೆ ಸಾಮಾನ್ಯವಾಗಿ ವರ್ಷಕ್ಕೆ 1 ಲಕ್ಷ ಜನರಿಗೆ ಎಷ್ಟು ಪ್ರಕರಣ ಎಂಬ ಲೆಕ್ಕ. ಪ್ರಕರಣಗಳನ್ನು ಜನಸಂಖ್ಯೆಯಿಂದ ಭಾಗಿಸಿ, 1 ಲಕ್ಷದಿಂದ ಗುಣಿಸಿದರೆ ಆಯಿತು. 4,000 ಜನರಿರುವ ಬಡಾವಣೆಯಲ್ಲಿ 12 ಮನೆಗಳ್ಳತನ ಆಗಿದ್ದರೆ ದರ 300. ಮುಂದಿನ ವರ್ಷ 15 ಆದರೆ 'ಕಳ್ಳತನ ಶೇ 25 ಏರಿಕೆ' ಎಂಬ ಸುದ್ದಿ ಬರುತ್ತದೆ. ನಿಜಕ್ಕೂ ಹೆಚ್ಚಾಗಿದ್ದು ಮೂರು ಮನೆ. ಒಂದೇ ತಂಡ ಒಂದೇ ರಾತ್ರಿ ಮಾಡಿದ ಕೆಲಸವೂ ಆಗಿರಬಹುದು. ಚಿಕ್ಕ ಜಾಗದ ಅಂಕಿಗಳು ಹೀಗೇ ಕುಣಿಯುತ್ತವೆ. ಮೂರರಿಂದ ಐದು ವರ್ಷದ ಸರಾಸರಿ ನೋಡುವುದು ವಾಸಿ.

ಭಾಗಿಸುವ ಸಂಖ್ಯೆಯ ಮೇಲೂ ಕಣ್ಣಿರಲಿ. ಮಾರುಕಟ್ಟೆ ಅಥವಾ ರೈಲು ನಿಲ್ದಾಣ ಇರುವ ಪ್ರದೇಶದಲ್ಲಿ ವಾಸ ಮಾಡುವವರು ಕಡಿಮೆ, ಬಂದು ಹೋಗುವವರು ಜಾಸ್ತಿ. ಅಲ್ಲಿ ಜೇಬುಗಳ್ಳತನವನ್ನು ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ದರ ಸುಮ್ನೆ ಆಕಾಶಕ್ಕೆ ಏರುತ್ತದೆ. ಮನೆಗಳ್ಳತನಕ್ಕಾದರೆ ಜನರ ಬದಲು ಮನೆಗಳ ಸಂಖ್ಯೆಯಿಂದ ಭಾಗಿಸುವುದೇ ಸರಿ.

ಠಾಣೆಗೆ ಹೋಗದ ಪ್ರಕರಣಗಳು

ಪೊಲೀಸ್ ಅಂಕಿಯಲ್ಲಿ ಇರುವುದು ದೂರು ಕೊಟ್ಟ ಅಪರಾಧ ಮಾತ್ರ. ಇದು ತಿಳಿದೇ ಅಮೆರಿಕದಲ್ಲಿ 1973ರಿಂದ, ಬ್ರಿಟನ್ನಿನಲ್ಲಿ 1982ರಿಂದ ಮನೆಗಳಿಗೇ ಹೋಗಿ 'ನಿಮಗೆ ಏನಾದರೂ ಆಯಿತೇ' ಎಂದು ಕೇಳುವ ಸಮೀಕ್ಷೆ ನಡೆಯುತ್ತಿದೆ. ಅಮೆರಿಕದ ಸಮೀಕ್ಷೆಯ ಪ್ರಕಾರ ಆಸ್ತಿ ಕಳವಿನಂಥ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾತ್ರ ಪೊಲೀಸರ ಕಿವಿಗೆ ಬೀಳುತ್ತದೆ. ವಾಹನ ಕಳವಿಗೆ ಮಾತ್ರ ಹೆಚ್ಚಿನವರು ದೂರು ಕೊಡುತ್ತಾರೆ. ವಿಮೆ ಹಣ ಬೇಕಲ್ಲ! ಹಾಗಾಗಿ ಎರಡು ಪ್ರದೇಶಗಳನ್ನು ಹೋಲಿಸಲು ವಾಹನ ಕಳವಿನ ಅಂಕಿ ಹೆಚ್ಚು ನಂಬಿಕೆಗೆ ಅರ್ಹ. ಕಿರುಕುಳದ ಅಂಕಿಯನ್ನು ನಂಬುವುದು ಕಷ್ಟ. ಠಾಣೆಯ ಮೇಲೆ ಭರವಸೆ ಬಂದು ಹೆಣ್ಣುಮಕ್ಕಳು ದೂರು ಕೊಡಲು ಶುರು ಮಾಡಿದರೂ ಸಂಖ್ಯೆ ಏರುತ್ತದೆ. ಅದನ್ನು ಕೆಟ್ಟ ಸುದ್ದಿ ಅನ್ನಲಾಗದು.

ನಕ್ಷೆ ಬಿಡಿಸಿ

ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಹಿಂದಿನ ಎರಡು ಮೂರು ವರ್ಷದ ಘಟನೆಗಳನ್ನು ಬಡಾವಣೆಯ ನಕ್ಷೆಯಲ್ಲಿ ಗುರುತು ಹಾಕಿ. ಪಕ್ಕದಲ್ಲಿ ವಾರದ ಯಾವ ದಿನ, ಎಷ್ಟು ಗಂಟೆ ಎಂದು ಬರೆಯಿರಿ. ಚುಕ್ಕೆಗಳು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್ ನಗರದ ಬಗ್ಗೆ 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಶೇ 3ರಷ್ಟು ವಿಳಾಸಗಳಿಂದ. 'ಕೆಟ್ಟ ಏರಿಯಾ' ಎಂದು ಹೆಸರಾದ ಕಡೆಯೂ ಹೆಚ್ಚಿನ ಬೀದಿಗಳು ತಣ್ಣಗಿರುತ್ತವೆ. ತೊಂದರೆ ಇರುವುದು ಒಂದು ತಿರುವು, ಒಂದು ಪಾಳು ಕಟ್ಟಡ, ದೀಪವಿಲ್ಲದ ಒಂದು ಓಣಿಯಲ್ಲಿ. ಗುರುತು ಹಾಕಿದ ಜಾಗಕ್ಕೆ ಅದೇ ಹೊತ್ತಿಗೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ನೋಡಿ. ಹಗಲು ಕಾಣದ್ದು ರಾತ್ರಿ ಕಾಣುತ್ತದೆ.

ಕಳವಾದ ಮೇಲೆ ಮೊದಲ ಎರಡು ವಾರ

ಒಮ್ಮೆ ಕಳ್ಳತನವಾದ ಮನೆಗೆ ಕಳ್ಳ ಮತ್ತೆ ಬರುವುದಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ನಿಜ ಅದಕ್ಕೆ ತದ್ವಿರುದ್ಧ. ಒಳಗೆ ಹೋಗುವ ದಾರಿ ಅವನಿಗೆ ಗೊತ್ತು. ಕಳೆದುಹೋದ ವಸ್ತುವಿನ ಜಾಗಕ್ಕೆ ಹೊಸದು ಬರುತ್ತದೆ ಎಂಬುದೂ ಗೊತ್ತು. ಸುತ್ತಲಿನ ಕೆಲವು ನೂರು ಮೀಟರ್ ಒಳಗಿನ ಮನೆಗಳಿಗೂ ಮುಂದಿನ ಕೆಲವು ವಾರ ಅಪಾಯ ಜಾಸ್ತಿ. ಮೊದಲ ಎರಡು ವಾರವಂತೂ ಹೆಚ್ಚು ಎಚ್ಚರ ಬೇಕು.

ಇಂಗ್ಲೆಂಡಿನ ರೋಚ್‌ಡೇಲ್‌ನ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ 1986ರಲ್ಲಿ ಶುರುವಾದ ಪ್ರಯೋಗ ಈ ಅಂಶವನ್ನೇ ಹಿಡಿಯಿತು. ಎಲ್ಲ ಮನೆಗೂ ಒಂದಿಷ್ಟು ಅಂತ ಹಂಚದೆ, ಕಳವಾದ ಮನೆಗೆ ತಕ್ಷಣ ಗಟ್ಟಿ ಬೀಗ ಹಾಕಿಸಿದರು. ಅಲ್ಲಿನ ಮನೆಗಳಲ್ಲಿ ವಿದ್ಯುತ್, ಗ್ಯಾಸ್ ಬಳಸಲು ನಾಣ್ಯ ಹಾಕುವ ಮೀಟರುಗಳಿದ್ದವು. ಕಳ್ಳರಿಗೆ ಅದೇ ಹುಂಡಿ. ಅವನ್ನು ತೆಗೆಸಿದರು. ಅಕ್ಕಪಕ್ಕದ ಐದಾರು ಮನೆಯವರು ಸೇರಿ ಆ ಮನೆಯ ಮೇಲೆ ಕಣ್ಣಿಟ್ಟರು. ಮನೆಗಳ್ಳತನ ಭಾರಿ ಪ್ರಮಾಣದಲ್ಲಿ ಇಳಿಯಿತು. ನೀವೂ ಹೀಗೇ ಮಾಡಬಹುದು: ಕಳವಾದ ದಿನವೇ ಒಳಬಂದ ದಾರಿ ಮುಚ್ಚಿಸಿ, ನೆರೆಯವರಿಗೆ ಹೇಳಿ, ಆ ಬೀದಿಗೆ ಎರಡು ವಾರ ಹೆಚ್ಚು ಗಸ್ತು ಕೊಡಿ ಎಂದು ಠಾಣೆಗೆ ಲಿಖಿತವಾಗಿ ಕೇಳಿ.

ಹಣ ಎಲ್ಲಿ ಹಾಕಬೇಕು?

ಮೊದಲು ಬೀಗ, ಕಿಟಕಿ ಚಿಲಕ. ಆಮೇಲೆ ಬೆಳಕು. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಪ್ರಖರ ದೀಪ ಹಾಕಿ ಪರೀಕ್ಷಿಸಿದಾಗ, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ 36 ಇಳಿದಿದ್ದವು. ಖಾಲಿ ಸೈಟಿನ ಪೊದೆ ಸವರುವುದೂ ಇದೇ ಸಾಲಿನ ಕೆಲಸ.

ಎಲ್ಲರೂ ಮೊದಲು ಓಡುವುದು ಸಿಸಿ ಕ್ಯಾಮೆರಾ ಕಡೆಗೆ. ವಾಹನ ನಿಲ್ಲಿಸುವ ಜಾಗದಲ್ಲಿ ಅದರ ಉಪಯೋಗ ಚೆನ್ನಾಗಿ ಸಾಬೀತಾಗಿದೆ. ಹೊಡೆದಾಟ, ಹಲ್ಲೆ ತಡೆಯುವುದರಲ್ಲಿ ಅಷ್ಟಿಲ್ಲ. ಯಾರೂ ನೋಡದ, ಕೆಟ್ಟರೂ ಗೊತ್ತಾಗದ ಕ್ಯಾಮೆರಾ ಬರೀ ಅಲಂಕಾರ.

ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡರೆ ನಿಯಮ ಒಂದಿರಲಿ: ನಡೆದದ್ದನ್ನು ಬರೆಯಿರಿ, ವ್ಯಕ್ತಿಯ ವೇಷ ಮುಖ ನೋಡಿ ಅನುಮಾನ ಹರಡಬೇಡಿ. 'ಗೇಟ್ ಅಲುಗಾಡಿಸಿ ಒಳಗೆ ಇಣುಕಿದರು, ಸಂಜೆ 4' ಎಂಬುದು ಮಾಹಿತಿ. 'ಯಾರೋ ಅಪರಿಚಿತರು ಓಡಾಡ್ತಿದಾರೆ' ಎಂಬುದರಿಂದ ಮನೆಗೆ ಪಾರ್ಸೆಲ್ ತರುವ ಹುಡುಗನಿಗೆ ಏಟು ಬೀಳಬಹುದು.

ವರ್ಷದ ನಂತರ ಅದೇ ನಕ್ಷೆ ತೆಗೆದು, ಅದೇ ರೀತಿ ಎಣಿಸಿ. 'ಇಲ್ಲಿ ತಡೆದರೆ ಪಕ್ಕದ ಬೀದಿಗೆ ಹೋಗುತ್ತಾರೆ' ಎಂಬ ಮಾತು ಕೇಳಿಬರುತ್ತದೆ. ಹಾಗೆ ಪೂರ್ತಿ ಸ್ಥಳಾಂತರ ಆಗುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಎಷ್ಟೋ ಸಲ ಪಕ್ಕದ ಬೀದಿಗೂ ಲಾಭ ಆಗಿದೆ. ಆದರೂ ಎಣಿಸುವಾಗ ಆ ಬೀದಿಗಳನ್ನೂ ಸೇರಿಸಿಕೊಳ್ಳಿ.