ಪುಕ್ಕಟೆ ಅಪ್‌ಗ್ರೇಡ್ ಸಿಕ್ಕರೆ ಮುದುಡಿ ಕೂರಬೇಡಿ

ಸಹಾರ್ ವಿಮಾನ ನಿಲ್ದಾಣದ ಟರ್ಮಿನಲ್ 2ರಿಂದ ಮಕ್ಕಳ ಮನೆಗೆ ಅಂತ ದುಬೈ, ಲಂಡನ್‌ಗೆ ಹೊರಡುವ ಹಿರಿಯರು ನಮ್ಮ ಮುಂಬಯಿ ಗುಂಪಿನಲ್ಲಿ ಜಾಸ್ತಿ ಅಲ್ವಾ, ಅವರಿಗಾಗಿ ಇದು.

ಎಕಾನಮಿಯಲ್ಲಿ ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದರೆ ಕೆಲವರನ್ನು ಪುಕ್ಕಟೆಯಾಗಿ ಬಿಸಿನೆಸ್ ಕ್ಲಾಸಿಗೆ ಕಳಿಸುವುದುಂಟು, ಇದೇ ಅಪ್‌ಗ್ರೇಡ್. ದುಡ್ಡು ಕೊಟ್ಟಿಲ್ಲ, ಗಗನಸಖಿಯರು ಏನಂದುಕೊಳ್ತಾರೋ ಅಂತ ಸುಮ್ನೆ ಸಂಕೋಚ ಬೇಡ. ಜ್ಯೂಸು, ಹೊದಿಕೆ, ಊಟ ಎಲ್ಲಾ ಪಕ್ಕದವರಿಗೆ ಕೊಟ್ಟ ಹಾಗೇ ಕೊಡುತ್ತಾರೆ. ಅಪ್‌ಗ್ರೇಡ್ ಆದವರು ಅಂತ ಗೊತ್ತಾದರೂ ಅವರಿಗೆ ಅದೇನೂ ಹೊಸತಲ್ಲ.

ಎಡವಟ್ಟಾಗುವುದು ಊಟದಲ್ಲೇ. ನೀವು ಮೊದಲೇ ಹೇಳಿಟ್ಟ ಜೈನ್ ಅಥವಾ ಡಯಾಬಿಟಿಕ್ ಊಟ ಹಳೇ ಸೀಟಿನ ನಂಬರಿನಲ್ಲಿ ಹಿಂದೆಯೇ ಉಳಿದಿರಬಹುದು. ಕೂತ ತಕ್ಷಣ, "ನನ್ನ ಸ್ಪೆಷಲ್ ಊಟ ಹಿಂದೆ 34ಸಿ ಸೀಟಿಗೆ ಬರೆದಿದೆ, ಸ್ವಲ್ಪ ನೋಡ್ತೀರಾ?" ಅಂತ ಹೇಳಿಬಿಡಿ. ಅದಕ್ಕೇ ಹಳೇ ಬೋರ್ಡಿಂಗ್ ಪಾಸಿನ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು ಏರ್‌ಲೈನ್‌ಗಳಲ್ಲಿ ಯಾವ ಊಟ ಬೇಕು ಅಂತ ಖಾಯಂ ಪ್ರಯಾಣಿಕರನ್ನು ಮೊದಲು ಕೇಳುತ್ತಾರೆ. ನಿಮ್ಮ ಸರದಿಗೆ ವೆಜ್ ಮುಗಿದಿದ್ದರೆ ಅದು ಅವಮಾನವಲ್ಲ. ಎಕಾನಮಿಯಿಂದ ತರಿಸಲು ಆಗುತ್ತಾ ಅಂತ ಕೇಳಿ.

ಹಿಂದೆ ಕೂತ ಯಜಮಾನರನ್ನು ಮಾತ್ರ ಮುಂದಕ್ಕೆ ಕರೆಯಬೇಡಿ, ಸಿಬ್ಬಂದಿ ವಾಪಸ್ ಕಳಿಸುತ್ತಾರೆ. ಲೌಂಜ್ (ನಿಲ್ದಾಣದ ವಿಶ್ರಾಂತಿ ಕೋಣೆ), ಲಗೇಜ್ ತೂಕ ಸಾಮಾನ್ಯವಾಗಿ ಹಳೇ ಟಿಕೆಟ್ ಪ್ರಕಾರವೇ. ಕೌಂಟರಿನಲ್ಲೇ ಕೇಳಿಕೊಳ್ಳಿ.