ಮಳೆಗಾಲದಲ್ಲಿ ನಾಯಿ: ದಿನಕ್ಕೆ ಹತ್ತು ನಿಮಿಷ ಮೈ ಸವರಿ ನೋಡಿ

ನಮ್ಮ ಮನೆ ಇರುವುದು ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ. ನಾನು ಬಟ್ಟೆ ಹೊಲಿಯುವವಳು. ಸಂಜೆ ಆರು ಗಂಟೆಗೆ ಮಿಷನ್ ಮುಚ್ಚಿಟ್ಟು ಜಗಲಿಯಲ್ಲಿ ಕೂತರೆ ನಮ್ಮ ನಾಯಿ ಬೊಲ್ಲಿ ಬಂದು ನನ್ನ ಕಾಲ ಬುಡದಲ್ಲಿ ಅಡ್ಡ ಬೀಳುತ್ತಾಳೆ. ಅಲ್ಲಿಂದ ಹತ್ತು ನಿಮಿಷ ಅವಳದ್ದು. ತಲೆಯಿಂದ ಬಾಲದ ತನಕ ಮೈ ಸವರುತ್ತೇನೆ. ಮುದ್ದು ಮಾಡಿದ ಹಾಗೂ ಆಯಿತು, ಮೈ ನೋಡಿದ ಹಾಗೂ ಆಯಿತು.

ಈ ಅಭ್ಯಾಸ ನನಗೆ ಮೊದಲು ಇರಲಿಲ್ಲ. ಬೊಲ್ಲಿಗಿಂತ ಮುಂಚೆ ಕರಿಯ ಇದ್ದ. ಒಂದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಎರಡು ದಿನ ಗಂಜಿ ಮುಟ್ಟಲಿಲ್ಲ, ಮೂಲೆಯಲ್ಲಿ ಮುದುಡಿ ಮಲಗಿದ. ಜೋರು ಮಳೆ, ಥಂಡಿಗೆ ಹೀಗಾಗಿರಬೇಕು ಅಂದುಕೊಂಡೆ. ಮೂರನೇ ದಿನ ಮೂಗಿನಲ್ಲಿ ರಕ್ತ ಬಂತು. ರಿಕ್ಷಾದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಅವರು ತುಟಿ ಎತ್ತಿ ತೋರಿಸಿದರು. ಒಸಡು ಕಾಗದದ ಹಾಗೆ ಬೆಳ್ಳಗಿತ್ತು. ಉಣ್ಣಿ ಜ್ವರ ಅಂದರು. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಗೊಂಚಲು ಗೊಂಚಲು ಉಣ್ಣಿ. ಎಂಟು ವರ್ಷ ನಮ್ಮ ಅಂಗಳ ಕಾದ ನಾಯಿಯ ಕಿವಿಯೊಳಗೆ ನಾನು ಒಂದು ದಿನವೂ ಇಣುಕಿ ನೋಡಿರಲಿಲ್ಲ. ಅವನು ಉಳಿಯಲಿಲ್ಲ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಾಯಿಗಳಿಗೆ ಕಷ್ಟದ ಕಾಲ. ಅದಕ್ಕೇ ನಾನು ದಿನಾ ಏನು ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಮೊದಲು ಕಿವಿ. ಮಡಚಿ ಒಳಗೆ ನೋಡಿ, ಅಂಚಿನ ಮಡಿಕೆಯನ್ನು ಬೆರಳಲ್ಲಿ ತಡವಿ. ವಾಸನೆ ಬಂದರೆ, ನಾಯಿ ಸುಮ್ನೆ ಸುಮ್ನೆ ತಲೆ ಕೊಡವುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಆಮೇಲೆ ಕೊರಳು. ಪಟ್ಟಿ ಬಿಚ್ಚಿಯೇ ನೋಡಬೇಕು, ಅದರ ಅಡಿ ಒದ್ದೆಯಾಗಿ ಹುಣ್ಣಾಗಿರುತ್ತದೆ. ಕಂಕುಳು, ತೊಡೆಯ ಸಂದಿ, ಬಾಲದ ಬುಡ. ಕೊನೆಗೆ ನಾಲ್ಕೂ ಕಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ.

ಒಸಡು ನೋಡುವುದನ್ನು ಮಾತ್ರ ಬಿಡಬೇಡಿ. ತುಟಿ ಎತ್ತಿ, ಒಸಡಿನ ಮೇಲೆ ಬೆರಳು ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಊರ ನಾಯಿಗಳಲ್ಲಿ ತುಂಬಾ ನಾಯಿಗಳ ಒಸಡು ಕಪ್ಪಗೇ ಇರುತ್ತದೆ, ಕರಿಯನದ್ದೂ ಅರ್ಧ ಹಾಗೇ ಇತ್ತು. ಆಗ ಕಣ್ಣಿನ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಆರೋಗ್ಯವಾಗಿರುವಾಗ ನಿಮ್ಮ ನಾಯಿಯ ಬಣ್ಣ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಿದ್ದರೆ, ಒಂದು ದಿನ ಬಿಳಚಿಕೊಂಡರೂ ಗೊತ್ತಾಗಿಬಿಡುತ್ತದೆ. ಊಟ ಬಿಡುವುದು, ಜ್ವರ, ಮೂಗಲ್ಲಿ ರಕ್ತ, ಕಾಫಿ ಬಣ್ಣದ ಉಚ್ಚೆ, ಇವುಗಳಲ್ಲಿ ಯಾವುದು ಕಂಡರೂ ನಾಳೆಗೆ ಕಾಯಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿ ಜ್ವರದ ಮಾತ್ರೆ ಕೆಲವು ಸಲ 28 ದಿನ ಕೊಡಬೇಕಾಗುತ್ತದೆ. ನಾಲ್ಕನೇ ದಿನ ಗಂಜಿ ಕುಡಿಯಲು ಶುರು ಮಾಡಿತು ಅಂತ ಮಾತ್ರೆ ನಿಲ್ಲಿಸುವವರು ಜಾಸ್ತಿ. ದಯವಿಟ್ಟು ನಿಲ್ಲಿಸಬೇಡಿ.

ಉಣ್ಣಿ ಕಂಡರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಕುಕ್ಕಬೇಡಿ. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಬೇಡವೇ ಬೇಡ. ತೆಗೆದದ್ದನ್ನು ಸಾಬೂನು ನೀರಿನ ಡಬ್ಬಿಗೆ ಹಾಕಿ. ಆದರೆ ಮೈ ಮೇಲಿನದ್ದನ್ನು ತೆಗೆದರೆ ಮುಗಿಯಲಿಲ್ಲ. ಉಣ್ಣಿ ತನ್ನ ಆಯುಷ್ಯದ ಹೆಚ್ಚು ಭಾಗ ಕಳೆಯುವುದು ನಾಯಿಯ ಮೈ ಮೇಲೆ ಅಲ್ಲ, ಗೋಡೆಯ ಬಿರುಕಿನಲ್ಲಿ. ಒಂದು ಹೆಣ್ಣು ಉಣ್ಣಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮದು ಸಾರಣೆ ಮಾಡದ ಮುರಕಲ್ಲಿನ ಗೋಡೆ. ಕರಿಯ ಹೋದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಅವನು ಮಲಗುತ್ತಿದ್ದ ಕಡೆ ಕಲ್ಲಿನ ತೂತುಗಳಲ್ಲಿ ಸಾಸಿವೆ ಕಾಳಿನ ಹಾಗೆ ತುಂಬಿದ್ದವು. ಬೊಲ್ಲಿಯನ್ನು ತರುವ ಮೊದಲು ಗಂಡನ ಹತ್ತಿರ ಹೇಳಿ ಸೊಂಟದೆತ್ತರದ ತನಕ ಸಿಮೆಂಟ್ ಮಾಡಿಸಿದೆ.

ಉಣ್ಣಿಗೆ ತಿನ್ನಿಸುವ ಮಾತ್ರೆ ಉಂಟು, ಬೆನ್ನಿಗೆ ಬಿಡುವ ಹನಿ ಉಂಟು, ಕೊರಳಿಗೆ ಕಟ್ಟುವ ಪಟ್ಟಿ ಉಂಟು. ನಾಯಿಯ ತೂಕ ನೋಡಿ ಡಾಕ್ಟರ್ ಹೇಳಿದ್ದನ್ನೇ ತನ್ನಿ. ಕೊಟ್ಟಿಗೆಯಲ್ಲಿ ದನಕ್ಕೆ ಅಂತ ತಂದಿಟ್ಟ ಮದ್ದನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಹೊಯ್ಯುವುದನ್ನು ಕಂಡಿದ್ದೇನೆ. ನಾಯಿ ಮೈ ನೆಕ್ಕುತ್ತದೆ, ಮದ್ದು ಹೊಟ್ಟೆಗೇ ಹೋಗುತ್ತದೆ ಅಲ್ವಾ?

ಗಾಯದ ವಿಷಯ. ಮಳೆಗಾಲದಲ್ಲಿ ನೊಣ ಕೂತು ಒಂದೇ ದಿನದಲ್ಲಿ ಹುಳ ಆಗುತ್ತದೆ. ಚಿಕ್ಕ ಗೀರು ಕಂಡ ದಿನವೇ ತೊಳೆದು, ಒರೆಸಿ, ಮುಲಾಮು ಹಚ್ಚಿ. ಹುಳ ಆಗಿದ್ದರೆ ಫಿನೈಲ್ ಸುರಿಯಬೇಡಿ. ಹುಳಕ್ಕಿಂತ ಮೊದಲು ನಾಯಿಗೇ ಅಪಾಯ. ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಂಗಳದಿಂದ ಬಂದ ಕೂಡಲೇ ಕಾಲು ಒರೆಸಿ. ಇಷ್ಟು ಮಾಡಿದರೆ ಬೆರಳ ಸಂದಿ ಕೊಳೆಯುವುದು ಎಷ್ಟೋ ಕಡಿಮೆಯಾಗುತ್ತದೆ. ಮಲಗಲು ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಒಂದು ಹಲಗೆ ಇಡಿ. ಅದರ ಮೇಲೆ ಗೋಣಿ ಹಾಸಿದರೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ನಾನು ಹಳೆ ಲುಂಗಿ ಕತ್ತರಿಸಿ ಎರಡು ಪದರ ಹೊಲಿದು ನಾಲ್ಕು ಹಾಸು ಮಾಡಿದ್ದೇನೆ. ದಿನಕ್ಕೊಂದು ಬದಲಿಸುತ್ತೇನೆ. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ರಾತ್ರಿ ಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ.

ತೋಟ ಇರುವವರು ಇನ್ನೊಂದು ಗಮನಿಸಿ. ಅಡಿಕೆಗೆ ಕೊಳೆ ರೋಗದ ಮದ್ದು ಬಿಡುವ ದಿನ ನಾಯಿಯನ್ನು ಒಳಗಿರಿಸಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ಕದಡಿ, ಉಳಿದದ್ದನ್ನು ಹಾಗೇ ಡ್ರಮ್ಮಿನಲ್ಲಿ ಬಿಟ್ಟಿರುತ್ತೇವೆ. ಮೈಲುತುತ್ತು ವಿಷ. ಬಾಯಾರಿದ ನಾಯಿಗೆ ಅದು ನೀಲಿ ನೀರು ಅಷ್ಟೆ. ಡ್ರಮ್ ಮುಚ್ಚಿ. ಇಲಿ ಪಾಷಾಣವೂ ಹಾಗೇ. ಜ್ವರ ಅಂತ ಮನುಷ್ಯರ ಪ್ಯಾರಾಸಿಟಮಾಲ್ ನೀವೇ ಕೊಡಲು ಹೋಗಬೇಡಿ, ನಾಯಿಯ ಲಿವರ್ ಹಾಳಾಗುತ್ತದೆ.

ಊಟಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ. ಕುಚ್ಚಲಕ್ಕಿ ಗಂಜಿ ಗಟ್ಟಿಗೆ ಬೇಯಿಸಿ, ಮುಳ್ಳು ತೆಗೆದ ಬೂತಾಯಿ ಮೀನೋ ಒಂದು ಮೊಟ್ಟೆಯೋ ಸೇರಿಸಿ. ಬರೀ ಗಂಜಿಯಲ್ಲಿ ನಾಯಿ ಬದುಕುತ್ತದೆ, ಬಲ ಬರುವುದಿಲ್ಲ. ಸಾರು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡ. ಬೇಯಿಸಿದ ಕೋಳಿ ಮೂಳೆ ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಇನ್ನು ಸಂಕೋಲೆ. ನಮ್ಮ ಕಡೆ ನಾಯಿ ಅಂದರೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಹಾಕುವುದು ಅಂತಲೇ ಆಗಿದೆ. ಸಿಡಿಲು ಬಡಿಯುವಾಗ, ದೀಪಾವಳಿಯ ಪಟಾಕಿಗೆ, ಅದು ಎಲ್ಲಿಗೆ ಓಡಬೇಕು? 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಗಿಡ್ಡ ಅಥವಾ ಭಾರದ ಸಂಕೋಲೆಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದು ಅಪರಾಧ. ಯಾವಾಗಲೂ ಕಟ್ಟಿಯೇ ಇಡುವ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧ. ಕಾನೂನು ಬದಿಗಿರಲಿ, ನಮ್ಮ ಊರುಗಳಿಗೆ ರಾತ್ರಿ ಚಿರತೆ ಬರುತ್ತದೆ. ಕಟ್ಟಿದ ನಾಯಿ ಅದಕ್ಕೆ ತಟ್ಟೆಯಲ್ಲಿಟ್ಟ ಊಟ. ಮನೆ ಕಾಯಲಿ ಅಂತ ಹೊರಗೆ ಕಟ್ಟಿ ನಾವು ಒಳಗೆ ಚಿಲಕ ಹಾಕಿಕೊಂಡು ಮಲಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಬೊಲ್ಲಿ ಕತ್ತಲಾದ ಮೇಲೆ ಚಾವಡಿಯ ಒಳಗೇ. ಅಲ್ಲಿಂದಲೂ ಚೆನ್ನಾಗಿಯೇ ಬೊಗಳುತ್ತಾಳೆ.

ಮರಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಬೂಸ್ಟರ್, ವರ್ಷ ವರ್ಷವೂ ತಪ್ಪಿಸಬಾರದು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಸಮಯದಲ್ಲಿ ಹಲವು ಕಡೆ ಉಚಿತ ಶಿಬಿರ ಇರುತ್ತದೆ. ಯಾರಿಗಾದರೂ ನಾಯಿ ಕಚ್ಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನ ಪುಡಿ ಹಚ್ಚಬಾರದು.

ಬೊಲ್ಲಿ ಸಿಕ್ಕಿದ್ದು ಮೀನು ಮಾರ್ಕೆಟಿನ ಹಿಂದೆ, ಬಾಯಿ ಕಟ್ಟಿದ ಸಿಮೆಂಟ್ ಚೀಲದಲ್ಲಿ. ಚೀಲದಲ್ಲಿ ಐದು ಮರಿ, ಐದೂ ಹೆಣ್ಣು. ಇಬ್ಬರಿಗೆ ಮಾತ್ರ ಜೀವ ಇತ್ತು. ಹೆಣ್ಣು ನಾಯಿ ಗಬ್ಬ ಆಗಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಆಮೇಲೆ ಚೀಲ ಹುಡುಕುವ ಬದಲು ಮೊದಲೇ ಆಪರೇಷನ್ ಮಾಡಿಸಿ. ಮಲ್ಪೆಯ ಮಧ್ವರಾಜ್ ಅನಿಮಲ್ ಕೇರ್ ಟ್ರಸ್ಟ್, ಮಂಗಳೂರು ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಬೀದಿ ನಾಯಿಗಳಿಗಾಗಿ ಕೆಲಸ ಮಾಡುತ್ತವೆ, ಅವರನ್ನು ಕೇಳಬಹುದು. ಕಿವಿಯ ತುದಿ ಕತ್ತರಿಸಿದ ಬೀದಿ ನಾಯಿ ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ.

ಬೀದಿ ನಾಯಿಯನ್ನು ಮೊದಲ ದಿನವೇ ಮುಟ್ಟಲು ಹೋಗಬೇಡಿ. ನನ್ನ ಅಂಗಡಿ ಮುಂದೆ ಕಂದು ಬಣ್ಣದವನೊಬ್ಬ ಇದ್ದಾನೆ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅನ್ನ ಇಟ್ಟೆ. ಪಕ್ಕಕ್ಕೆ ತಿರುಗಿ ಕೂತೆ, ಕಣ್ಣಲ್ಲಿ ಕಣ್ಣಿಡಲಿಲ್ಲ. ಮೂರು ವಾರ ಆದ ಮೇಲೆ ಅವನೇ ಬಂದು ಕೈ ಮೂಸಿದ. ಈಗ ಬೆನ್ನು ಸವರಲು ಬಿಡುತ್ತಾನೆ, ಕಿವಿಗೆ ಕೈ ಹೋದರೆ ಹಿಂದೆ ಸರಿಯುತ್ತಾನೆ. ಡಾಕ್ಟರ ಹತ್ತಿರ ತೂಕದ ಅಂದಾಜು ಹೇಳಿ ಉಣ್ಣಿ ಮಾತ್ರೆ ತಂದಿದ್ದೇನೆ. ಬೇಯಿಸಿದ ಬೂತಾಯಿಯ ಮುಳ್ಳು ಬಿಡಿಸಿ, ಮಾತ್ರೆಯನ್ನು ಅದರ ನಡುವೆ ಇಟ್ಟು ಕೊಟ್ಟರೆ ಒಂದೇ ತುತ್ತಿಗೆ ನುಂಗುತ್ತಾನೆ.